ನೆಂಚಿಕೊಳ್ಳಲು ಏನು?

ನಾನು ಚಿಕ್ಕವಳಿದ್ದಾಗ ಚಿಕ್ಕಬಳ್ಳಾಪುರದ ನಮ್ಮ ಅಡುಗೆಮನೆಯ ಗೂಡಿನಲ್ಲಿ, ಹಿಂಗಿನ ಡಬ್ಬಿಯ ಪಕ್ಕಕ್ಕೆ, ಕಂದು ಬಣ್ಣದ ಒಂದು ಸೀಸೆ ಸದಾ ಇರುತ್ತಿತ್ತು. ಅದು ದ್ರಾಕ್ಷಾರಿಷ್ಟ. ಕೆಮ್ಮುವವರಿಗೆ, ಊಟ ಸೇರದವರಿಗೆ, ಜ್ವರ ಬಿಟ್ಟು ಎದ್ದವರಿಗೆ ಅಜ್ಜಿ ಅದನ್ನು ಎರಡು ಚಮಚ ಅಳೆದು, ಅಷ್ಟೇ ನೀರು ಬೆರೆಸಿ, ಊಟವಾದ ಮೇಲೆ ಕುಡಿಸುತ್ತಿದ್ದಳು. ಮನೆಯಲ್ಲಿ ಬಾಣಂತಿ ಇದ್ದರೆ ಅದರ ಜೊತೆಗೆ ದಶಮೂಲಾರಿಷ್ಟದ ಸೀಸೆಯೂ ಬಂದು ಕೂರುತ್ತಿತ್ತು. ಮಕ್ಕಳಾದ ನಮಗೆ ಆ ಸಿಹಿ ಒಗರಿನ ಮೇಲೆ ಆಸೆ. ಸುಳ್ಳು ಕೆಮ್ಮು ಕೆಮ್ಮಿದರೆ ಅಜ್ಜಿಗೆ ಗೊತ್ತಾಗಿಬಿಡುತ್ತಿತ್ತು. ‘ಔಷಧಿಗೆ ಅಳತೆ ಇರಬೇಕು’ ಎಂದು ಬಿರಡೆ ಬಿಗಿಯುತ್ತಿದ್ದಳು.

ಆ ಸೀಸೆಯ ಮೇಲಿನ ಚೀಟಿಯನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ, ನನ್ನದೇ ಬಾಣಂತನದಲ್ಲಿ. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇಷ್ಟಿದೆ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ನನಗೆ ಮೊದಲು ಗಾಬರಿ, ಆಮೇಲೆ ನಗು. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಬೆರೆಸಿ, ಏಲಕ್ಕಿ, ಹಿಪ್ಪಲಿ, ಮೆಣಸು ಮೊದಲಾದ ಸಂಬಾರಗಳ ಜೊತೆಗೆ ಧಾತಕಿ ಹೂವು ಹಾಕಿ, ಪಾತ್ರೆಯ ಬಾಯಿ ಕಟ್ಟಿ ಕೆಲವು ವಾರ ಹುದುಗಲು ಬಿಟ್ಟರೆ ಅದು ಅರಿಷ್ಟ. ದ್ರಾಕ್ಷಿಯ ರಸವನ್ನೇ ಹುದುಗಲು ಬಿಟ್ಟರೆ ಅದು ವೈನ್. ಮನೆಯೊಳಗೆ ಹೆಂಡದ ಹೆಸರೆತ್ತಿದರೆ ಬಾಯಿ ತೊಳೆದುಕೋ ಎನ್ನುತ್ತಿದ್ದ ಅಜ್ಜಿ, ಜೀವನವಿಡೀ ದ್ರಾಕ್ಷಿಯ ಮದ್ಯವನ್ನು ಹಿಂಗಿನ ಡಬ್ಬಿಯ ಪಕ್ಕದಲ್ಲಿಟ್ಟುಕೊಂಡು, ಚಮಚದಲ್ಲಿ ಅಳೆದು, ಊಟದ ಜೊತೆ ಸೇರಿಸಿ ಬಡಿಸಿದ್ದಳು!

ಇದೆಲ್ಲ ನೆನಪಾಗಲು ಕಾರಣ, ಈಚೆಗೆ ಒಂದು ಭಾನುವಾರ ನಮ್ಮ ತಮ್ಮನ ಮನೆಯಲ್ಲಿ ನಡೆದ ಸಣ್ಣ ಪ್ರಸಂಗ. ಅವನ ಸೊಸೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಬರುವಾಗ ಹೂವು, ಹಣ್ಣಿನ ಜೊತೆಗೆ ಒಂದು ಉದ್ದನೆಯ ಸೀಸೆಯನ್ನೂ ತಂದಳು. ನಂದಿ ಬೆಟ್ಟದ ಬುಡದಲ್ಲಿ ತಯಾರಾದ, ಫ್ರೆಂಚ್ ಹೆಸರಿನ ಕೆಂಪು ವೈನು. ಯಾವ ಸಂಕೋಚವೂ ಇಲ್ಲದೆ ಅದನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಇಟ್ಟು, ‘ಅತ್ತೆ, ಇದಕ್ಕೆ ನೆಂಚಿಕೊಳ್ಳೋಕೆ ಏನು ಚೆನ್ನಾಗಿರುತ್ತೆ?’ ಎಂದು ನನ್ನನ್ನು ಕೇಳಿದಳು. ನನ್ನ ಸೋದರತ್ತೆ ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಬಂದವರು ಅಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಸೀಸೆ ಕಂಡದ್ದೇ ಅವರ ಕೈ ನಿಂತುಹೋಯಿತು. ಮುಖ ಗೋಡೆಯ ಕಡೆಗೆ ತಿರುಗಿತು.

ಅತ್ತೆ ಏಕೆ ಮುಖ ತಿರುಗಿಸಿದರು ಎಂಬುದು ನಮ್ಮ ಮನೆಯ ದೊಡ್ಡವರಿಗೆಲ್ಲ ಗೊತ್ತು. ಮಗುವಿನಂಥ ಆ ಸೊಸೆಗೆ ಗೊತ್ತಿಲ್ಲ. ಅವಳ ಪ್ರಶ್ನೆಯಲ್ಲೇನೂ ತಪ್ಪಿರಲಿಲ್ಲ. ಆದರೆ ‘ನೆಂಚಿಕೊಳ್ಳಲು ಏನು’ ಎಂಬ ಮಾತು ನಮ್ಮ ಸೀಮೆಯಲ್ಲಿ ಎರಡು ಕಡೆ ಕೇಳಿಸುತ್ತದೆ. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಸಾರಾಯಿ ಅಂಗಡಿಯ ಮುಂದೆ. ಆ ಎರಡು ಜಾಗಗಳ ನಡುವಿನ ದೂರ ಎಷ್ಟೆಂಬುದನ್ನು ಅಳೆದವರು ನಮ್ಮ ಹೆಂಗಸರೇ. ಅಂದಿನಿಂದ ಈ ದ್ರಾಕ್ಷಿಯ ಕಥೆಯನ್ನು ಮೊದಲಿನಿಂದ ತಿಳಿದುಕೊಳ್ಳಬೇಕೆನಿಸಿತು.

ನಮ್ಮ ಕಡೆಯ ಹಣ್ಣೆಂದರೆ ನೀಲಿ ದ್ರಾಕ್ಷಿ. ಪುಸ್ತಕದ ಹೆಸರು ಬೆಂಗಳೂರು ಬ್ಲೂ. ಬೆಂಗಳೂರಿನ ಸುತ್ತ, ಚಿಕ್ಕಬಳ್ಳಾಪುರ, ಕೋಲಾರದ ತೋಟಗಳಲ್ಲಿ ಇದು ನೂರೈವತ್ತು ವರ್ಷಗಳಿಂದ ಇದೆ ಎನ್ನುತ್ತಾರೆ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ಇದನ್ನು ತಿನ್ನುವ ರೀತಿ ನಿಮಗೆಲ್ಲ ಗೊತ್ತು. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ತಿರುಳು ಜಾರಿ ಬಾಯಿಗೆ ಬೀಳುತ್ತದೆ, ದಪ್ಪ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬೀಜ ಇದೆ, ಹುಳಿ ಇದೆ, ಲಂಗಕ್ಕೆ ಕಲೆ ಹತ್ತಿದರೆ ಹೋಗುವುದಿಲ್ಲ. ಆದರೆ ಒಂದು ಗೊಂಚಲು ತಂದಿಟ್ಟರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಬೀಜವಿಲ್ಲದ ಹಸಿರು ದ್ರಾಕ್ಷಿ ಎಷ್ಟು ಸಿಹಿಯಿದ್ದರೂ ಆ ಘಮ ಅದಕ್ಕಿಲ್ಲ.

ಆ ಘಮವೇ ಇದರ ಹುಟ್ಟೂರನ್ನು ಹೇಳುತ್ತದೆ. ವೈನಿಗೆ ಹೆಸರಾದ ಯೂರೋಪಿನ ದ್ರಾಕ್ಷಿಗಳದು ಒಂದು ಕುಲ. ನಮ್ಮ ನೀಲಿ ದ್ರಾಕ್ಷಿ ಅಮೆರಿಕದ ಕಾಡುಬಳ್ಳಿಯ ಕುಲದ್ದು. ಅಲ್ಲಿನ ಇಸಬೆಲ್ಲಾ ಎಂಬ ತಳಿಯೇ ಇದು ಎಂದು ತೋಟಗಾರಿಕೆಯವರು ಹಲವರು ಗುರುತಿಸುತ್ತಾರೆ. ಈ ಕುಲದ ಹಣ್ಣಿನ ಕಟುವಾದ ಘಮ ಯೂರೋಪಿನ ವೈನ್ ರಸಿಕರಿಗೆ ಹಿಡಿಸಲಿಲ್ಲ. ಇಂಗ್ಲಿಷಿನವರು ಅದಕ್ಕೆ ‘ನರಿ ವಾಸನೆ’ ಎಂದು ಹೆಸರಿಟ್ಟರು. ಕೈಗೆಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಯ ಕಥೆ ನಮಗೆ ಗೊತ್ತು. ಕೈಗೆಟುಕಿದ ದ್ರಾಕ್ಷಿಗೇ ನರಿಯ ಹೆಸರಿಟ್ಟ ಕಥೆ ಇದು. ಫ್ರಾನ್ಸಿನಲ್ಲಂತೂ 1930ರ ದಶಕದ ಮಧ್ಯದಲ್ಲಿ ಆರು ತಳಿಗಳಿಂದ ವೈನ್ ಮಾಡಿ ಮಾರಬಾರದೆಂದು ಕಾನೂನೇ ಆಯಿತು. ಆ ಆರರಲ್ಲಿ ಇಸಬೆಲ್ಲಾ ಒಂದು.

ಇದರಲ್ಲೊಂದು ಕೃತಘ್ನತೆ ಇದೆ. 1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಒಂದು ಪಿಡುಗು ಬಂತು. ಅಮೆರಿಕದಿಂದ ತರಿಸಿದ ಬಳ್ಳಿಗಳ ಜೊತೆಗೆ ಬಂದ, ಹೇನಿನಷ್ಟು ಸಣ್ಣ ಕೀಟವೊಂದು ಬೇರು ಹೊಕ್ಕು, ತೋಟದ ಮೇಲೆ ತೋಟ ಒಣಗಿಹೋಯಿತು. ಎಲ್ಲ ಉಪಾಯ ಸೋತ ಮೇಲೆ ಉಳಿದ ದಾರಿ ಒಂದೇ. ಆ ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬಳ್ಳಿಯ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟುವುದು. ಇಂದಿಗೂ ಫ್ರಾನ್ಸಿನ ಹೆಸರಾಂತ ತೋಟಗಳಲ್ಲಿ ಹೆಚ್ಚಿನವು ಮೇಲೆ ಫ್ರೆಂಚ್, ನೆಲದೊಳಗೆ ಅಮೆರಿಕ. ತವರಿನ ಹೆಸರು ಯಾರ ಬಾಯಲ್ಲೂ ಬಾರದ ಸೊಸೆಯಂತೆ ಬೇರು ಕೆಳಗೆ ದುಡಿಯುತ್ತಿದೆ. ಹೆಸರು, ಮನ್ನಣೆ ಎಲ್ಲ ಮೇಲಿನ ಗೊಂಚಲಿಗೆ.

ಅದೇ ಕಾಲದಲ್ಲಿ ಬಂದ ಇನ್ನೊಂದು ರೋಗದಿಂದಾಗಿ ಫ್ರಾನ್ಸಿನ ಒಂದು ಊರಿನ ಹೆಸರು ನಮ್ಮ ಹಳ್ಳಿಗಳಿಗೂ ತಲುಪಿತು. ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಹಿಡಿದು ಬಳ್ಳಿ ಬೋಳಾಗುವ ರೋಗ ಅದು. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರಲ್ಲಿ ಒಂದು ಅಭ್ಯಾಸವಿತ್ತು. ದಾರಿಹೋಕರು ಹಣ್ಣು ಕೀಳಬಾರದೆಂದು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ನೀಲಿ ಬಣ್ಣ ಕಂಡರೆ ಯಾರೂ ಕೈ ಹಾಕುತ್ತಿರಲಿಲ್ಲ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಆ ದಾರಿಯಲ್ಲಿ ಹೋಗುತ್ತ ನೋಡಿದರು. ತೋಟದ ಒಳಗಿನ ಬಳ್ಳಿಗಳೆಲ್ಲ ಬೋಳಾಗಿವೆ, ರಸ್ತೆ ಬದಿಯವು ಮಾತ್ರ ಹಸಿರಾಗಿವೆ! ಪರೀಕ್ಷೆ ಮಾಡಿ 1885ರಲ್ಲಿ ಅದರ ಅಳತೆಯನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಇದನ್ನೇ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿದರು. ನಮ್ಮ ಬಯಲುಸೀಮೆಯ ದ್ರಾಕ್ಷಿ ಚಪ್ಪರಕ್ಕೂ ಅದೇ ಔಷಧಿ. ಶಿಡ್ಲಘಟ್ಟದ ಅತ್ತೆ ಶಾಲೆಗೆ ಹೋದವರಲ್ಲ. ಆದರೆ ‘ಬೋರ್ಡೋ ಕಲಸೋಕೆ ಮಣ್ಣಿನ ಪಾತ್ರೆಯಾಗಬೇಕು, ಕಬ್ಬಿಣ ಆಗಬಾರದು’ ಎಂದು ಚೆನ್ನಾಗಿ ಗೊತ್ತಿತ್ತು. ಜಗತ್ತಿನ ಶ್ರೀಮಂತರು ವೈನಿನ ಸೀಸೆಯ ಮೇಲೆ ಹುಡುಕುವ ಆ ಹೆಸರು, ಅತ್ತೆಯ ಪಾಲಿಗೆ ಸೀರೆಯ ಸೆರಗಿಗೆ ಹತ್ತಿದ ನೀಲಿ ಕಲೆ.

ದ್ರಾಕ್ಷಿ ತೋಟದಲ್ಲಿ ಹೆಂಗಸರ ಕೆಲಸ ಸಣ್ಣದಲ್ಲ. ಚಪ್ಪರ ತಲೆಯ ಮಟ್ಟಕ್ಕಿಂತ ಸ್ವಲ್ಪ ಮೇಲಿರುತ್ತದೆ. ದಿನವಿಡೀ ಕತ್ತು ಎತ್ತಿ, ಕೈ ಎತ್ತಿ ನಿಂತು ಕಾಯಿ ಬಿಡಿಸಬೇಕು, ಕೊಳೆತದ್ದನ್ನು ಕತ್ತರಿಯಿಂದ ತೆಗೆಯಬೇಕು, ಗೊಂಚಲನ್ನು ಮುಟ್ಟಿಯೂ ಮುಟ್ಟದ ಹಾಗೆ ಕುಯ್ದು ತುಂಬಬೇಕು. ನೀಲಿ ದ್ರಾಕ್ಷಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಹಾಗಾಗಿ ಕತ್ತು ನೋವೂ ವರ್ಷಕ್ಕೆ ಎರಡು ಸಲ. ಹಣ್ಣು ಪೇಟೆಗೆ ಹೋಗುತ್ತದೆ, ಒಂದಷ್ಟು ಜ್ಯೂಸಿಗೆ, ಜಾಮಿಗೆ, ಒಂದಷ್ಟು ಸಿಹಿಯಾದ ಅಗ್ಗದ ವೈನಿಗೆ. ಡಿಸೆಂಬರ್ ಹತ್ತಿರವಾದಾಗ ಬೆಂಗಳೂರಿನ ಕ್ರೈಸ್ತ ಮನೆಗಳವರು ಇದೇ ಹಣ್ಣನ್ನು ಒಯ್ದು, ಸಕ್ಕರೆ, ಗೋಧಿ ಹಾಕಿ, ಭರಣಿಯಲ್ಲಿ ವಾರಗಟ್ಟಲೆ ಇಟ್ಟು ಕ್ರಿಸ್ಮಸ್ ಹಬ್ಬದ ವೈನ್ ಮಾಡಿಕೊಳ್ಳುವುದೂ ಹಳೆಯ ರೂಢಿ. ಅಲ್ಲಿಯೂ ಭರಣಿ ಅಡುಗೆಮನೆಯಲ್ಲಿ, ಅಳತೆ ಹೆಂಗಸರ ಕೈಯಲ್ಲಿ, ಜೊತೆಗೆ ಹಬ್ಬದ ಕೇಕು.

ಇನ್ನು ಫ್ರೆಂಚರ ದ್ರಾಕ್ಷಿ ನಮ್ಮ ಬೆಟ್ಟದ ಬುಡಕ್ಕೆ ಬಂದ ಕಥೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿಗೆ ವ್ಯಾಪಾರದ ನಿಮಿತ್ತ ಫ್ರಾನ್ಸಿಗೆ ಹೋಗಿಬಂದು ವೈನಿನ ರುಚಿ ಹತ್ತಿತು. ಇಂಥದ್ದನ್ನು ನಮ್ಮಲ್ಲೇ ಏಕೆ ಮಾಡಬಾರದು ಎಂಬ ಹಠ ಹಿಡಿದು, ಷಾಂಪೇನ್ ಸೀಮೆಯ ಅನುಭವಿ ಜಾರ್ಜ್ ವೆಸೆಲ್ ಅವರ ಸಲಹೆಯಲ್ಲಿ ಫ್ರೆಂಚ್ ತಳಿಗಳನ್ನು ತರಿಸಿ, ಹಲವು ವರ್ಷ ಪರೀಕ್ಷೆ ಮಾಡಿ, ಕೊನೆಗೆ ಆರಿಸಿದ್ದು ನಂದಿ ಬೆಟ್ಟದ ಬುಡವನ್ನು. ಬೆಟ್ಟ ನಮ್ಮ ಚಿಕ್ಕಬಳ್ಳಾಪುರದ್ದು. ತೋಟ ಅದರ ಆ ಮಗ್ಗುಲಿಗೆ, ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದಲ್ಲಿ. 1988ರಲ್ಲಿ ಕಂಪನಿ ಕಟ್ಟಿದರು. 1992ರಲ್ಲಿ ಮೊದಲ ವೈನ್ ಹೊರಬಂತು. ಕೆಲವೇ ವರ್ಷಗಳಲ್ಲಿ ಬೋರ್ಡೋ ಸೀಮೆಯ ಹೆಸರಾಂತ ವೈನ್ ಪಂಡಿತ ಮಿಶೆಲ್ ರೋಲಾನ್ ಸಲಹೆಗಾರರಾಗಿ ಬಂದರು. ಔಷಧಿಯ ಹೆಸರಾಗಿ ಮೊದಲೇ ಬಂದಿದ್ದ ಬೋರ್ಡೋ ಈಗ ಮನುಷ್ಯ ರೂಪದಲ್ಲಿ ಬಂದ ಹಾಗಾಯಿತು. ಕ್ಯಾಬರ್ನೆ ಸೊವಿನ್ಯೊ, ಶಿರಾಜ್ ಎಂಬ ಎರಡು ಕಪ್ಪು ದ್ರಾಕ್ಷಿ ಬೆರೆಸಿ ಮಾಡಿದ ‘ಲಾ ರಿಸರ್ವ್’ ಎಂಬ ವೈನ್ ಹೊರದೇಶಗಳಲ್ಲೂ ಹೆಸರು ಮಾಡಿತು. 2012ರಲ್ಲಿ ಈ ಕಂಪನಿ ನಾಸಿಕದ ಇನ್ನೊಂದರ ಜೊತೆ ಸೇರಿ ಗ್ರೋವರ್ ಝಾಂಪಾ ಎಂದಾಯಿತು.

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಯ ತಪ್ಪಲನ್ನೇ ಆರಿಸಿದ್ದಕ್ಕೆ ಕಾರಣವಿದೆ. ಹಗಲು ಬಿಸಿಲು, ರಾತ್ರಿ ತಂಪು. ಬಿಸಿಲು ಹಣ್ಣಿಗೆ ಸಿಹಿ ತುಂಬಿದರೆ ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ಹುಳಿ ಸತ್ತ ಹಣ್ಣಿನ ವೈನು, ಹುಣಸೆ ಹಾಕದ ಸಾರಿನ ಹಾಗೆ ಸಪ್ಪೆ. ಆದರೂ ಒಂದು ತೊಡಕು ಉಳಿಯಿತು. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ವರ್ಷಕ್ಕೆರಡು ಸಲ ಕತ್ತರಿ ಆಡಿಸಿ, ಒಂದೇ ಬೆಳೆ ತೆಗೆದು, ಬಳ್ಳಿಗೆ ವಿಶ್ರಾಂತಿ ಕೊಡಬೇಕು. ಹೆಂಗಸರಿಗಿಂತ ಬಳ್ಳಿಯೇ ಪುಣ್ಯ ಮಾಡಿತ್ತು ಎನಿಸುತ್ತದೆ, ಅದಕ್ಕೆ ವಿಶ್ರಾಂತಿ ಬೇಕೆಂದು ಪರದೇಶದಿಂದ ಬಂದು ಹೇಳುವವರಿದ್ದರು.

ಸೊಸೆಯ ಪ್ರಶ್ನೆಗೆ ಬರುತ್ತೇನೆ. ಯಾವ ವೈನಿಗೆ ಯಾವ ಊಟ ಎಂಬುದನ್ನು ಫ್ರೆಂಚರು ಒಂದು ಶಾಸ್ತ್ರವನ್ನೇ ಮಾಡಿಟ್ಟಿದ್ದಾರೆ. ಬಿಡಿಸಿ ನೋಡಿದರೆ ಅದು ನಮಗೆ ಹೊಸದಲ್ಲ. ಕೆಂಪು ವೈನಿನಲ್ಲಿ ಸಿಪ್ಪೆ, ಬೀಜಗಳಿಂದ ಬಂದ ಒಗರು ಇರುತ್ತದೆ. ಎಲೆ ಅಡಿಕೆಯ ಒಗರಿನಂಥದ್ದು. ಜಿಡ್ಡಿನ ಮಾಂಸದ ಜೊತೆ ಆ ಒಗರು ಮೆತ್ತಗಾಗುತ್ತದೆ, ನಾಲಿಗೆಯ ಜಿಡ್ಡೂ ಕಳೆಯುತ್ತದೆ. ಬಿಳಿ ವೈನಿನಲ್ಲಿ ಹುಳಿ ಮುಂದು. ಮೀನಿಗೆ ನಾವು ನಿಂಬೆಹಣ್ಣು ಹಿಂಡುವ ಕೆಲಸವನ್ನೇ ಅದು ಮಾಡುತ್ತದೆ. ಊಟಕ್ಕಿಂತ ವೈನ್ ಸಿಹಿಯಾಗಿರಬೇಕು, ಇಲ್ಲವಾದರೆ ಒಬ್ಬಟ್ಟು ತಿಂದು ಕಾಫಿ ಕುಡಿದ ಹಾಗೆ ಬರೀ ಕಹಿ. ಖಾರಕ್ಕೆ ಮಾತ್ರ ಎಚ್ಚರ ಬೇಕು. ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ. ಒಗರು ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ.

ಹಾಗಿದ್ದರೆ ನಮ್ಮ ಊಟಕ್ಕೆ? ಗೌರಿಬಿದನೂರಿನ ನಮ್ಮಮ್ಮನ ತವರಿನ ಕೆಂಪು ಖಾರದ ನಾಟಿ ಕೋಳಿ ಸಾರಿಗೆ ಆ ಗತ್ತಿನ ಕೆಂಪು ವೈನ್ ಜಗಳಕ್ಕೇ ಬರುತ್ತದೆ. ಗುಲಾಬಿ ಬಣ್ಣದ ತೆಳು ವೈನಾದರೆ ಸಂಧಾನವಾದೀತು. ಕೈಮ ಉಂಡೆಗೆ ಖಾರ ತಗ್ಗಿಸಿ, ಕಡಲೆಪುಡಿ, ಗಸಗಸೆ ಮುಂದು ಮಾಡಿದರೆ ಕೆಂಪು ವೈನ್ ಹೊಂದುತ್ತದೆ. ಹಿತಕಿದ ಅವರೆಬೇಳೆಯ ಸಾರಿನ ತೆಂಗಿನಕಾಯಿಯ ನುಣುಪಿಗೆ ವಿಯೊನ್ಯೆ ಎಂಬ ಹೂವಿನ ಘಮದ ಬಿಳಿ ವೈನ್. ಇದನ್ನೂ ನಂದಿಯ ಬುಡದಲ್ಲೇ ಮಾಡುತ್ತಾರೆ. ಸೊಪ್ಪಿನ ಪಲ್ಯಕ್ಕೆ, ಹೆಸರುಬೇಳೆ ಕೋಸಂಬರಿಗೆ ಹಸಿರು ವಾಸನೆಯ ಸೊವಿನ್ಯೊ ಬ್ಲಾಂ. ಚಿಂತಾಮಣಿಯ ನಮ್ಮಕ್ಕನ ಮನೆಯ ಹುರಿದ ಕಡಲೆಕಾಯಿಗೆ ಯಾವುದಾದರೂ ಸರಿ. ಆದರೆ ಮುದ್ದೆಗೆ? ಮುದ್ದೆಯನ್ನು ಅಗಿಯುವ ಹಾಗಿಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ನಡುವೆ ಗುಟುಕು ಕುಡಿಯಲು ಪುರುಸೊತ್ತೆಲ್ಲಿ? ಬಸ್ಸಾರು ಮುದ್ದೆಯ ಮುಂದೆ ಫ್ರೆಂಚರ ಶಾಸ್ತ್ರ ಕೈಮುಗಿದು ನಿಲ್ಲಬೇಕು. ಮುದ್ದೆಗೆ ಜೊತೆ ಮಜ್ಜಿಗೆ, ಅದೂ ಕೊನೆಯಲ್ಲಿ.

ತಮಾಷೆ ಇರಲಿ. ಈ ಶಾಸ್ತ್ರದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಅವರ ರೂಢಿಯಲ್ಲಿ ವೈನ್ ಎನ್ನುವುದು ಊಟದ ಒಂದು ಭಾಗ. ಊಟದ ಮೇಜಿಗೆ ರೊಟ್ಟಿ ಬಂದ ಹಾಗೆ ಅದೂ ಬರುತ್ತದೆ, ಹೆಂಡತಿ ಮಕ್ಕಳು ಸುತ್ತ ಕೂತಿರುತ್ತಾರೆ. ಅಲ್ಲಿಯೂ ಕುಡಿದು ಕೆಟ್ಟವರು ಬೇಕಾದಷ್ಟು ಜನ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಊಟಕ್ಕೆ ವೈನ್ ನೆಂಚಿಕೆ. ನಮ್ಮಲ್ಲಿ ಸಾರಾಯಿಗೆ ಊಟ ನೆಂಚಿಕೆ. ವ್ಯತ್ಯಾಸ ಇಷ್ಟೇ, ಆದರೆ ಎಷ್ಟೊಂದು ಮನೆಗಳು ಈ ಇಷ್ಟರಲ್ಲೇ ಮುಳುಗಿದವು.

ಅತ್ತೆಯ ಗಂಡ, ನಮ್ಮ ಮಾವ, ಒಳ್ಳೆಯ ಕೆಲಸಗಾರ. ದ್ರಾಕ್ಷಿ ತೋಟದ ಚಪ್ಪರ ಹಾಕುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಸಂಜೆ ಕೂಲಿ ಕೈಗೆ ಬಂದದ್ದೇ ಅಂಗಡಿಯ ಕಡೆಗೆ ಹೊರಡುತ್ತಿದ್ದರು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಾರಾಯಿ, ಹಲ್ಲಲ್ಲಿ ಕಚ್ಚಿ ಹರಿದು ನಿಂತ ಕಾಲಲ್ಲೇ ಕುಡಿಯುವುದು, ಎಲೆಯ ಚೂರಿನಲ್ಲಿ ಒಂದಿಷ್ಟು ಖಾರದ ಬೋಟಿಯೋ, ಬೇಯಿಸಿದ ಮೊಟ್ಟೆಯೋ, ಏನೂ ಇಲ್ಲದಿದ್ದರೆ ಉಪ್ಪಿನಕಾಯಿಯೋ. ಮನೆಯಲ್ಲಿ ಅತ್ತೆ ಮಾಡಿಟ್ಟ ಮುದ್ದೆ ಆರಿ ಕಲ್ಲಾಗುತ್ತಿತ್ತು. ಗಂಡ ಊಟ ಮಾಡದೆ ತಾನು ಮಾಡಬಾರದೆಂದು ಕಾಯುತ್ತಿದ್ದವರು. ಕಾದದ್ದಕ್ಕೆ ಸಿಗುತ್ತಿದ್ದದ್ದು ಏಟು. ಮಾವ ನಲವತ್ತೈದು ದಾಟಲಿಲ್ಲ. ಆ ಬೀದಿಯಲ್ಲಿ ದಾಟದವರು ಅವರೊಬ್ಬರೇ ಅಲ್ಲ.

ನಮ್ಮ ತಾಲ್ಲೂಕುಗಳು ಆಂಧ್ರದ ಅಂಚಿನವು. ಗೌರಿಬಿದನೂರಿನಿಂದ ಹಿಂದೂಪುರ, ಚಿಂತಾಮಣಿಯಿಂದ ಮದನಪಲ್ಲಿ, ಅಕ್ಕಪಕ್ಕ ಇದ್ದ ಹಾಗೆ. ಮನೆಮಾತೂ ಅರ್ಧ ತೆಲುಗು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಅಕ್ಷರ ಕಲಿಯಲೆಂದು ರಾತ್ರಿಶಾಲೆಗೆ ಸೇರಿ, ಕಲಿತ ಬಲದಿಂದ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಆ ಸುದ್ದಿ ಊರಿಂದೂರಿಗೆ ಹಬ್ಬಿ, 1993ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸಾರಾಯಿಯನ್ನೇ ನಿಷೇಧಿಸಿತು. 1995ರಲ್ಲಿ ಪೂರ್ಣ ಪಾನನಿರೋಧ ಬಂತು. ಎರಡೇ ವರ್ಷಕ್ಕೆ, 1997ರಲ್ಲಿ, ಅದು ಸಡಿಲವೂ ಆಯಿತು. ದೂಬಗುಂಟದ ಮಾತು ಬಸ್ಸಿನಲ್ಲಿ, ಸಂತೆಯಲ್ಲಿ ನಮ್ಮ ಕಡೆಗೂ ಬಂತು. ಅತ್ತೆ ಅದನ್ನು ಪುರಾಣದ ಕಥೆಯ ಹಾಗೆ ಹೇಳುತ್ತಿದ್ದರು. ‘ಅವರು ಓದೋಕೆ ಹೋಗಿ ಹಂಗೆ ಮಾಡಿದ್ರು. ನಮಗೆ ಓದೋಕೂ ಯಾರೂ ಕರೀಲಿಲ್ಲ’ ಎನ್ನುತ್ತಿದ್ದರು.

ಕರ್ನಾಟಕದಲ್ಲಿ ಆ ದಿನ ಬಂದದ್ದು 2007ರ ಜುಲೈ 1ರಂದು. ಅಂದಿನಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಷೇಧವಾಯಿತು. ಆ ವರ್ಷವನ್ನು ನಾನು ಮರೆಯುವ ಹಾಗಿಲ್ಲ. ಅದೇ 2007ರಲ್ಲಿ ನಮ್ಮ ಚಿಕ್ಕಬಳ್ಳಾಪುರ, ಕೋಲಾರದಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಅದರೊಳಗೆ ಬಂದವು. ಅದೇ 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಹೊರಡಿಸಿತು. ದ್ರಾಕ್ಷಿ ಬೆಳೆಗಾರರಿಗೆ ನೆರವು, ವೈನ್ ತಯಾರಿಕೆಗೆ ರಿಯಾಯಿತಿ, ಅದಕ್ಕೊಂದು ಮಂಡಳಿ. ಒಂದೇ ವರ್ಷ, ಒಂದೇ ಸರ್ಕಾರ, ಒಂದು ಕೈಯಲ್ಲಿ ಪ್ಯಾಕೆಟ್ ಕಸಿದು ಇನ್ನೊಂದು ಕೈಯಲ್ಲಿ ಸೀಸೆಯನ್ನು ಮುಂದಿಟ್ಟಿತು.

ಇದನ್ನು ಸರ್ಕಾರದ ಕಪಟ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ನನಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯಿಲ್ಲ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಹುಟ್ಟುವ ಪಿನಾಕಿನಿಗಳು, ಚಿತ್ರಾವತಿ ಎಲ್ಲ ಮಳೆ ಬಂದರೆ ನದಿ, ಇಲ್ಲದಿದ್ದರೆ ಮರಳು. ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿ ಕೊರೆದು, ಸಾಲ ಮಾಡಿ ಚಪ್ಪರ ಹಾಕಿ ಬೆಳೆದ ಹಣ್ಣನ್ನು ನಾಲ್ಕು ದಿನ ಇಡಲಾಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಗೊಂಚಲುಗಳು ಚಪ್ಪರದಲ್ಲೇ ಕೊಳೆತದ್ದನ್ನು ಕಂಡವರಿಗೆ ಅದರ ಸಂಕಟ ಗೊತ್ತು. ಹಣ್ಣನ್ನು ಸೀಸೆಗಿಳಿಸಿ ವರ್ಷಗಟ್ಟಲೆ ಇಡಬಹುದೆಂದರೆ ಬೆಳೆದವನಿಗೆ ಆಸರೆ. ಆದರೆ ದೊಡ್ಡ ಬೆಲೆಯ ಸೀಸೆಗಿಳಿಯುವುದು ಹೆಚ್ಚಾಗಿ ಆ ಫ್ರೆಂಚ್ ಹೆಸರಿನ ಹಣ್ಣುಗಳೇ. ನಮ್ಮ ನೀಲಿ ದ್ರಾಕ್ಷಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವವರು ಕಡಮೆ. ಇತ್ತ ಸಾರಾಯಿ ಹೋಯಿತೆಂದು ಕುಡಿತ ಹೋಯಿತೇ? ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದವು, ಅವೂ ಕಾಗದದ ಪೊಟ್ಟಣದಲ್ಲಿ. ಅವನ್ನು ಮಾರುವ ಅಂಗಡಿಗಳ ಬೋರ್ಡು ಓದಿದ್ದೀರಾ? ‘ವೈನ್ಸ್’ ಎಂದಿರುತ್ತದೆ. ಒಳಗೆ ಹೋಗಿ ವೈನ್ ಕೇಳಿದರೆ ಮೂಲೆಯಲ್ಲಿ ಧೂಳು ಹಿಡಿದ ಒಂದೆರಡು ಸೀಸೆ ಇದ್ದರೆ ಹೆಚ್ಚು. ನಮ್ಮ ಊರುಗಳಲ್ಲಿ ಆ ಪದ ಊಟದ ಮೇಜಿಗೆ ಬರುವ ಮೊದಲೇ ಬೀದಿಯಲ್ಲಿ ಕೆಟ್ಟ ಹೆಸರು ಪಡೆದುಬಿಟ್ಟಿತು.

ಆ ಭಾನುವಾರ ಸೊಸೆಗೆ ನಾನು ಅತ್ತೆಯ ಕಥೆಯನ್ನು ಮೆಲ್ಲಗೆ ಹೇಳಿದೆ. ಹುಡುಗಿ ಪೆಚ್ಚಾಗಿ ಸೀಸೆಯನ್ನು ಎತ್ತಿಡಲು ಹೋದಳು. ಆಗ ಅತ್ತೆಯೇ ತಡೆದರು.

‘ಇರಲಿ ಬಿಡವ್ವ. ಇದನ್ನ ಎಲ್ಲಿ ಕುಡೀತಾರೆ?’

‘ಊಟದ ಜೊತೆ ಅಜ್ಜಿ. ಒಂದು ಲೋಟ, ಅಷ್ಟೇ.’

‘ಮನೇಲೇ? ಎಲ್ರೂ ಕೂತ್ಕೊಂಡು?’

‘ಹೂಂ ಅಜ್ಜಿ.’

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆಗೆ ತಿರುಗಿ ಹೇಳಿದರು. ‘ನಿಮ್ಮ ಮಾವ ಒಂದು ದಿನಾನಾದ್ರೂ ನನ್ನ ಎದುರಿಗೆ ಕೂತು ಊಟದ ಜೊತೆ ಕುಡಿದಿದ್ರೆ, ಅಷ್ಟು ಸಾಕು ಎದ್ದೇಳು ಅಂತ ನಾನು ಹೇಳ್ತಿದ್ದೆ. ಕೇಳ್ತಿದ್ನೋ ಬಿಡ್ತಿದ್ನೋ. ಹೇಳೋಕಾದ್ರೂ ಎದುರಿಗೆ ಇರ್ತಿದ್ದ.’

ನಾನು ಓದಿ ತಿಳಿದ ಯಾವ ಶಾಸ್ತ್ರದಲ್ಲೂ ಈ ಮಾತು ಇರಲಿಲ್ಲ. ಔಷಧಿಗೆ ಅಳತೆ ಇರಬೇಕು ಎಂದು ಬಿರಡೆ ಬಿಗಿಯುತ್ತಿದ್ದ ಅಜ್ಜಿ ನೆನಪಾದಳು. ಅಜ್ಜಿಯ ಸೀಸೆ ಮನೆಯೊಳಗಿತ್ತು, ಅಳತೆ ಅವಳ ಕೈಯಲ್ಲಿತ್ತು. ಅತ್ತೆಯ ಪಾಲಿಗೆ ಆ ಸೀಸೆ ಬೀದಿಯ ಕೊನೆಯಲ್ಲಿತ್ತು, ಅಳತೆ ಅಂಗಡಿಯವನ ಕೈಯಲ್ಲಿತ್ತು. ವೈನ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲು ನಾನು ಹೊರಟಿಲ್ಲ. ಎಂಥ ವೈನಾದರೂ ಮದ್ಯವೇ, ಮೈಗೆ ಆಗದವರಿಗೆ ಒಂದು ಲೋಟವೂ ಹೆಚ್ಚೇ. ನಾನು ಕೇಳುವುದು ಇಷ್ಟೇ. ಮನೆಗೆ ಬರುವ ಯಾವುದೇ ಆಗಲಿ, ಅದರ ಅಳತೆ ಹೇಳುವ ಹಕ್ಕು ಆ ಮನೆಯ ಹೆಂಗಸಿಗೆ ಇದೆಯೇ? ಅದಿಲ್ಲದಿದ್ದರೆ ಫ್ರೆಂಚ್ ಹೆಸರಿನ ಸೀಸೆಗೂ ಪ್ಲಾಸ್ಟಿಕ್ ಪ್ಯಾಕೆಟ್ಟಿಗೂ ಬೆಲೆಯಲ್ಲಿ ಮಾತ್ರ ವ್ಯತ್ಯಾಸ.

ಸೊಸೆ ಒಂದು ಲೋಟದ ತಳಕ್ಕೆ ಒಂದಿಷ್ಟು ಸುರಿದು ಅತ್ತೆಯ ಮುಂದೆ ಹಿಡಿದಳು. ಅತ್ತೆ ಕುಡಿಯಲಿಲ್ಲ. ನಲವತ್ತು ವರ್ಷ ದ್ರಾಕ್ಷಿ ಗೊಂಚಲು ಕುಯ್ದ ಕೈಯಲ್ಲಿ ಲೋಟ ಹಿಡಿದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸಿ ನೋಡಿದರು. ‘ಇದು ನಮ್ಮ ಹಣ್ಣಲ್ಲ. ಆ ಘಮ ಇಲ್ಲ’ ಎಂದು ಲೋಟ ಕೆಳಗಿಟ್ಟರು. ಆಮೇಲೆ, ನಿಂತುಹೋಗಿದ್ದ ಅವರೆಕಾಯಿಯನ್ನು ಮತ್ತೆ ಬಿಡಿಸತೊಡಗಿದರು.

ಅಂದು ಮಧ್ಯಾಹ್ನ ಊಟಕ್ಕೆ ಹಿತಕಿದ ಬೇಳೆಯ ಸಾರು ಮಾಡಿದೆವು. ಎಲ್ಲರೂ ಒಟ್ಟಿಗೆ ಕೂತೆವು, ಅತ್ತೆಯೂ.